ನೀಲಿ ನೀರಿಗೆ ಬಿದ್ದ ಹನಿ

ನವೆಂಬರ್ 4, ಬೆಳಗ್ಗೆ 8
ಇವತ್ತೂ ಆರಕ್ಕೇ ನದಿದಂಡೆಯ ಪಾರ್ಕು. ವ್ಯಾಯಾಮದ ಹದಿನೇಳನೇ ದಿನ. ಎರಡೂ ಕೈ ಮೇಲೆತ್ತುವುದು, ಬಿಲ್ಲು ಎಳೆದಂತೆ ನಿಲ್ಲುವುದು, ಕೊನೆಗೆ ಹಿಮ್ಮಡಿ ಎತ್ತಿ ಧೊಪ್ಪೆಂದು ಇಳಿಸುವುದು — ಏಳು ಸಲ. ಯಾನ್ ಮೇಷ್ಟ್ರು ಹಿಂದೆ ಬಂದು ಬೆನ್ನು ತಟ್ಟಿದರು.

"ಉಸಿರು ಎದೇಲೇ ನಿಂತಿದೆ ಮೇಯುನ್. ಹೊಟ್ಟೆಗೆ ಇಳಿಸು. ಉಸಿರು ನಡೆದ್ರೇನೇ ರಕ್ತ ನಡೆಯೋದು."

ನಲವತ್ತು ವರ್ಷ ನಾಡಿ ಹಿಡಿದ ವೈದ್ಯರು. ಇಳಿಸಿದೆ. ಏನೂ ಅನಿಸಲಿಲ್ಲ.

ಯಾಕೆ ಶುರು ಮಾಡಿದೆ ಎಂದು ಎಲ್ಲೂ ಬರೆದಿಟ್ಟಿಲ್ಲ. ಲಾವ್ ಕಾಂಗ್ — ನನ್ನ ಗಂಡ — ಅವರ ಮೂಳೆಯ ಮಜ್ಜೆ ರಕ್ತ ಮಾಡುವುದನ್ನು ಬಿಡುತ್ತಿದೆ. ಎರಡು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಚಳಿಗಾಲದಲ್ಲಿ ಬ್ಲಡ್ ಬ್ಯಾಂಕ್ ಖಾಲಿ. ಮನೆಯವರು ಯಾರಾದರೂ ಕೊಟ್ಟರೆ ಸರದಿ ಮುಂದೆ ಬರುತ್ತದೆ. ಮಗಳು ಬಸುರಿ. ಗಂಡನ ಅಕ್ಕ ಸೂಚಿನ್‌ಗೆ ಅರವತ್ತೊಂದು. ಉಳಿದವಳು ನಾನು. ಮೊದಲ ಸಲ ಕೊಡುವವರಿಗೆ ಐವತ್ತೈದು ತುಂಬಿರಬಾರದು. ನನಗೆ ಜನವರಿ ಒಂಬತ್ತಕ್ಕೆ ತುಂಬುತ್ತದೆ.

ಅಕ್ಟೋಬರಿನಲ್ಲಿ ಹೋಗಿದ್ದೆ. ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ನೀರಿಗೆ ಬಿಟ್ಟರು. ಮುಳುಗಿದರೆ ಪಾಸು. ನನ್ನದು ತೇಲಿತು. "ಅಮ್ಮಾ, ನಿಮಗೇ ಯಾರಾದ್ರೂ ಕೊಡ್ಬೇಕು" ಅಂದಳು ನರ್ಸ್. ಹಿಮೋಗ್ಲೋಬಿನ್ ಲೀಟರಿಗೆ ತೊಂಬತ್ತೆರಡು ಗ್ರಾಂ. ನೂರಹದಿನೈದು ಬೇಕು.

ನವೆಂಬರ್ 9
ಡಾಕ್ಟರ್ ತಾನ್ ಹತ್ತಿರ ಹೋದೆ. ಲಾವ್ ಕಾಂಗ್ ಅವರನ್ನು ನೋಡುವವಳೇ. ನನ್ನ ಮಗಳ ವಯಸ್ಸು.

"ಪಾರ್ಕಿಗೆ ಹೋಗಿ ಆಂಟಿ, ಬೇಡ ಅನ್ನಲ್ಲ. ಓಡಾಡಿದ್ರೆ, ದೀರ್ಘವಾಗಿ ಉಸಿರಾಡಿದ್ರೆ ರಕ್ತ ಚೆನ್ನಾಗಿ ಸುತ್ತುತ್ತೆ. ಆದ್ರೆ ಸುತ್ತೋಕೆ ರಕ್ತ ಇರ್ಬೇಕಲ್ಲ? ಕಬ್ಬಿಣದ ಮಾತ್ರೆ ಯಾತರ ಜೊತೆ ತಗೋತೀರಿ?"

"ಚಹಾ ಜೊತೆ."

ಹಣೆ ಚಚ್ಚಿಕೊಂಡಳು. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ಊಟದ ಜೊತೆಗೂ ಕೂಡದು. ಮೂವತ್ತು ವರ್ಷದಿಂದ ದಿನಕ್ಕೆ ಒಂದು ಫ್ಲಾಸ್ಕ್ ಕಡು ಚಹಾ ಕುಡಿದವಳು ನಾನು. ಬಿಟ್ಟೆ. ತಲೆನೋವು.

ನವೆಂಬರ್ 16, ಸಂಜೆ
ನಿನ್ನೆಯಿಂದ ಕಟ್ಟಡ ಬೆಚ್ಚಗಿಡುವ ಹೀಟರ್ ಕೊಳವೆಗೆ ಬಿಸಿನೀರು ಬಿಟ್ಟಿದ್ದಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಸೆಕೆ. ಲಾವ್ ಕಾಂಗ್‌ಗೆ ಮಾತ್ರ ಚಳಿ, ಎರಡು ರಜಾಯಿ. ಹಿಮೋಗ್ಲೋಬಿನ್ ಅರವತ್ತಾರು.

"ಕೈ ಬೀಸಿದ್ರೆ ರಕ್ತ ಬರೋದಾದ್ರೆ ಟ್ರಾಫಿಕ್ ಪೊಲೀಸಿಗೆ ಎಷ್ಟು ಇರ್ಬೇಕು ಹೇಳು" ಎಂದರು.

ಪಕ್ಕದ ಹಾಸಿಗೆಯವರು ನಕ್ಕರು. ನನಗೆ ನಗು ಬರಲಿಲ್ಲ. ಹನ್ನೊಂದು ವರ್ಷದಿಂದ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆವು. ಜಗಳವೂ ಇರಲಿಲ್ಲ. ಈಗ ದಿನಾ ಅವರ ಕಾಲು ಒರೆಸುತ್ತೇನೆ. ಬೇಸರವಿಲ್ಲ, ಪ್ರೀತಿಯೂ ಇಲ್ಲ... ಒರೆಸುತ್ತೇನೆ, ಅಷ್ಟೇ.

ಡಿಸೆಂಬರ್ 2
ನನ್ನದು ನೂರನಾಲ್ಕು. ಅವರದು ಐವತ್ತೆಂಟು.

ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಹಿಮ್ಮಡಿ ಇಳಿಸಿದಾಗ ಅಂಗಾಲಿನಿಂದ ಬಿಸಿ ಏರುವುದು ಗೊತ್ತಾಗುತ್ತದೆ. ಅವರು ಇಳಿಯುತ್ತಿದ್ದಾರೆ, ನಾನು ಏರುತ್ತಿದ್ದೇನೆ. ನಾಚಿಕೆ ಆಗಬೇಕಿತ್ತು.

ಡಿಸೆಂಬರ್ 21
ಚಳಿಗಾಲದ ಅತಿ ಚಿಕ್ಕ ಹಗಲು, ಹಬ್ಬ. ಸೂಚಿನ್ ಅಕ್ಕ ಹಬ್ಬದ ಡಂಪ್ಲಿಂಗ್ ಕಡುಬು ತಂದಿದ್ದರು. ತಮ್ಮನಿಗೆ ಮೂರು ತಿನ್ನಿಸಿದರು, ಉಳಿದದ್ದು ನನಗೆ. "ತಿನ್ನು. ನೀನು ತಿಂದ್ರೆ ಅವನಿಗೆ ಹೋಗುತ್ತೆ." ತಾಯಿ ಸತ್ತ ಮೇಲೆ ಲಾವ್ ಕಾಂಗ್ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವರು ಈಕೆ.

ಜನವರಿ 6
ನೂರಹದಿನಾರು! ಯಾನ್ ಮೇಷ್ಟ್ರು ನಾಡಿ ಹಿಡಿದು, "ಈಗ ದಾರೀಲಿ ನೀರಿದೆ" ಎಂದರು. ಡಾಕ್ಟರ್ ತಾನ್ ಗದರಿದಳು: "ಈಗ ತಾನೇ ತುಂಬಿದೆ, ಆಗಲೇ ಸುರಿಯೋಕೆ ಹೊರಟ್ರಾ?" ಬ್ಲಡ್ ಬ್ಯಾಂಕಿನವರು ನಾಡಿದ್ದು, ಎಂಟನೇ ತಾರೀಖು ಬರಹೇಳಿದ್ದಾರೆ. ಅದೇ ಕೊನೆಯ ದಿನ.

ರಕ್ತ ಕೊಡುವವರಿಗೊಂದು ಚೀಟಿ ಕೊಟ್ಟಿದ್ದಾರೆ. ಓದಿದೆ. ಹಿಂದಿನ ದಿನ ಮದ್ಯ ಬೇಡ, ನಿದ್ದೆ ಕೆಡಬೇಡಿ, ಬೆಳಗ್ಗೆ ಎಣ್ಣೆ-ಕೊಬ್ಬು ಇಲ್ಲದ ಹಗುರ ತಿಂಡಿ.

ಜನವರಿ 8, ಮಧ್ಯಾಹ್ನ
ಆರೂವರೆಗೆ ಬಾಗಿಲು ಬಡಿದರು. ಸೂಚಿನ್ ಅಕ್ಕ. ಕೈಯಲ್ಲಿ ಡಬ್ಬಿ, ಹೆಬ್ಬೆರಳಿಗೆ ಬಟ್ಟೆ — ಎಣ್ಣೆ ಸಿಡಿದಿತ್ತು. ಹಂದಿಯ ಲಿವರು, ಅದರದೇ ಕೊಬ್ಬಿನಲ್ಲಿ ಹುರಿದದ್ದು. ಜೊತೆಗೆ ಮೂಳೆ ಸಾರು, ಮೇಲೆ ಬೆರಳಷ್ಟು ಜಿಡ್ಡು.

"ಅಕ್ಕಾ, ಹಗುರವಾಗಿ ತಿನ್ನಿ ಅಂದಿದ್ದಾರೆ."

"ಅಂದೋರಿಗೇನು ಗೊತ್ತು? ಖಾಲಿ ಹೊಟ್ಟೇಲಿ ರಕ್ತ ಕೊಟ್ಟು ಅಲ್ಲೇ ಬಿದ್ದು ಹೋಗ್ತೀಯಾ? ನಾಲ್ಕಕ್ಕೆ ಎದ್ದು ಮಾಡಿದೀನಿ."

ಎರಡು ತುತ್ತು ಏನು ಮಾಡೀತು ಅಂದುಕೊಂಡೆ. ಪೂರ್ತಿ ಖಾಲಿ ಮಾಡಿಸಿದರು.

ಬ್ಲಡ್ ಬ್ಯಾಂಕಿನಲ್ಲಿ ಹನಿ ಮುಳುಗಿತು. ನೇರ ತಳಕ್ಕೆ. ನರ್ಸ್ ತಲೆಯಾಡಿಸಿದಳು. ಆಮೇಲೆ ಇನ್ನೊಂದು ನಳಿಗೆಯಲ್ಲಿ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದರು. ಕೆಂಪು ಕೆಳಗಿಳಿದು, ಮೇಲೆ ತಿಳಿ ಹಳದಿ ನೀರು ನಿಲ್ಲಬೇಕಂತೆ. ನನ್ನದು ಗಂಜಿಯ ಹಾಗೆ ಬೆಳ್ಳಗೆ ನಿಂತಿತ್ತು.

"ಬೆಳಗ್ಗೆ ಏನ್ ತಿಂದ್ರಿ?"

ಹೇಳಿದೆ.

"ಬರೀ ಕೊಬ್ಬು. ಇದನ್ನ ಯಾರಿಗೂ ಏರಿಸೋಕಾಗಲ್ಲ. ಎರಡು ದಿನ ಬಿಟ್ಟು ಬನ್ನಿ."

"ನಾಳೆಗೆ ನನಗೆ ಐವತ್ತೈದು."

ಗುರುತಿನ ಚೀಟಿ ನೋಡಿದಳು. ನನ್ನ ಮುಖ ನೋಡಿದಳು. "ಕಂಪ್ಯೂಟರ್ ತಗೊಳಲ್ಲ ಅಮ್ಮಾ."

ಸೂಚಿನ್ ಅಕ್ಕ ಹೊರಗೆ ಬೆಂಚಿನಲ್ಲಿ ಕೂತಿದ್ದರು. ಎದ್ದು ನಿಂತರು. ಹೆಬ್ಬೆರಳ ಬಟ್ಟೆ ಜಾರಿತ್ತು, ಗುಳ್ಳೆ ಕಾಣುತ್ತಿತ್ತು.

"ಏನಾಯ್ತು?"

"ತೇಲಿತು" ಎಂದೆ.

ಮಾತು ತಾನಾಗಿ ಬಂತು. ಅಕ್ಕ ಜಾರಿದ ಬಟ್ಟೆ ಬಿಗಿದುಕೊಂಡರು. "ಎರಡೂವರೆ ತಿಂಗಳು ಪಾರ್ಕಲ್ಲಿ ಕುಣಿದಿದ್ದು ಏನಕ್ಕೆ ಬಂತು?" ಎಂದರು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು.

ಜನವರಿ 9
ನನ್ನ ಹುಟ್ಟಿದ ದಿನ. ಅವರ ಹಿಮೋಗ್ಲೋಬಿನ್ ನಲವತ್ತೇಳಕ್ಕೆ ಇಳಿದಿದೆ.

"ತೇಲಿತಂತೆ?"

"ಹೂಂ."

"ಬಿಡು. ಹೇಗೂ ನಿಂದೇನೂ ನಂಗೆ ಹಾಕ್ತಿರ್ಲಿಲ್ಲ. ಯಾರದೋ ಬರ್ತಿತ್ತು." ಕಣ್ಣು ಮುಚ್ಚಿದರು. ಆಮೇಲೆ ರಜಾಯಿಯೊಳಗಿಂದ ಕೈ ತೆಗೆದು ನನ್ನ ಬೆರಳು ಮುಟ್ಟಿದರು. "ನಿನ್ನ ಕೈ ಬೆಚ್ಚಗಿದೆಯಲ್ಲ. ಯಾವಾಗ್ಲೂ ಐಸ್ ಇರ್ತಿತ್ತು."

ಕೈ ಎಳೆದುಕೊಳ್ಳಲಿಲ್ಲ. ಅವರಿಗೆ ನಿಜ ಹೇಳಬಹುದಿತ್ತು. ಅಕ್ಕ ಬಂದಾಗ ಅವರ ಮುಂದೆ ಇವರು ಬಾಯಿ ಬಿಟ್ಟಾರು ಎಂದು ಸುಮ್ಮನಾದೆ.

ಜನವರಿ 13
ಸೋಮವಾರ ಒಂದು ಚೀಲ ರಕ್ತ ಸಿಗಬಹುದು ಎಂದಳು ತಾನ್. ಮೊನ್ನೆ ಬಂದ ಜ್ವರ ಅವರಿಗೆ ಇಳಿದಿಲ್ಲ.

ಜನವರಿ 18
ಭಾನುವಾರ ಮಧ್ಯಾಹ್ನ ಲಾವ್ ಕಾಂಗ್ ಹೋಗಿಬಿಟ್ಟರು. ಹಿಟ್ಟಿನ ಗಂಜಿ ಆರಿಸುತ್ತಿದ್ದೆ.

ತಾನ್‌ಳನ್ನು ಕೇಳಿದೆ. "ಒಂದು ಚೀಲದಿಂದ ಉಳೀತಿದ್ರು ಅಂತ ಹೇಳಲಾರೆ ಆಂಟಿ. ಉಳೀತಿರ್ಲಿಲ್ಲ ಅಂತಾನೂ ಹೇಳಲಾರೆ."

ಪಾರ್ಕಿಗೆ ಹೋಗಿಲ್ಲ. ಚಹಾ ಮಾಡಿಕೊಂಡೆ. ಕುಡಿಯಲಿಲ್ಲ.

ಜನವರಿ 21
ಅವರು ಹೋಗಿ ಏಳನೇ ದಿನ. ನೆಂಟರೆಲ್ಲ ಬಂದಿದ್ದರು. ಸತ್ತವರಿಗೆಂದು ಕಾಗದದ ನೋಟು ಸುಡುವಾಗ ಸೂಚಿನ್ ಅಕ್ಕ ಎಲ್ಲರ ಎದುರಿಗೇ ಅಂದರು: "ಇವಳ ಮೈಯಲ್ಲಿ ಅವನಿಗೆ ಅಂತ ಒಂದು ಹನಿ ಗಟ್ಟಿ ರಕ್ತ ಇರ್ಲಿಲ್ಲ." ಮಗಳು ನನ್ನನ್ನೇ ನೋಡಿದಳು. ಆಗ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಏನೋ ಒಂದು ಬಂತು. ನುಂಗಿದೆ.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದೆ. ಅಕ್ಕ ಬಂದು ಪಕ್ಕ ನಿಂತರು. ಒರೆಸುವ ಬಟ್ಟೆ ತಗೊಂಡರು.

"ಬೆಳಗ್ಗೆ ಹಾಗಂದೆ. ಮನಸ್ಸಿಗೆ ಹಚ್ಚಿಕೋಬೇಡ ಮೇಯುನ್. ತಪ್ಪು ನಂದೇ."

ನಲ್ಲಿ ನಿಲ್ಲಿಸಿದೆ.

"ಕಟುಕನ ಹತ್ರ ಇನ್ನೂ ಒಂದು ಲಿವರ್ ಇತ್ತು. ಒಂದು ಸಾಕು ಅಂತ ಬಂದುಬಿಟ್ಟೆ. ಎರಡೂ ತಂದು ತಿನ್ನಿಸಿದ್ರೆ ಮುಳುಗ್ತಿತ್ತು. ದಿನಾ ಅದೇ ಯೋಚನೆ. ನಾನೇ ಕಮ್ಮಿ ಮಾಡ್ದೆ."

"ಅಕ್ಕಾ, ಅದು ಕಮ್ಮಿ ಆಗಿದ್ದಲ್ಲ."

"ಮತ್ತೆ?"

ಬಟ್ಟಲು ಕೈಯಲ್ಲೇ ಇತ್ತು. ಅಕ್ಕ ಕಾಯುತ್ತಿದ್ದರು. ನಾನು ಅದನ್ನು ಅವರ ಕೈಗಿಟ್ಟು, "ಎಷ್ಟು ತಿನ್ನಿಸಿದ್ರೂ ತೇಲ್ತಿತ್ತು ಅಕ್ಕಾ, ನನ್ನ ಮೈಗೇ ಹತ್ತಲ್ಲ" ಎಂದೆ.