ಕೆಂಪಿನ ಪಾತ್ರೆ

ಬುಧವಾರ, ಬೆಳಗ್ಗೆ ಹತ್ತೂವರೆ
ಆಸ್ಪತ್ರೆಯ ಬೆಂಚಿನಿಂದ

ನನ್ನ ಸೊಸೆ ಟೀಚರಮ್ಮನಿಗೆ,

ಆಶೀರ್ವಾದ ಮಾಡುವ ಮುಖ ನನಗಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ತರಬೇತಿಯಲ್ಲಿ ಫೋನ್ ತೆಗೆದಿಡುತ್ತಾರಂತೆ, ಮೂರು ಸಲ ಮಾಡಿ ಸೋತೆ. ಸಿಕ್ಕಿದ್ದರೂ ಬಾಯಿ ಬರುತ್ತಿತ್ತೋ ಇಲ್ಲವೋ.

ನಿನ್ನ ತರಗತಿಯ ಪ್ರಶ್ನೆಪುಟ್ಟಿ, ಅದೇ ಮೊದಲ ಬೆಂಚಿನ ಬಾಯಿಬಡುಕಿ, ನಿನ್ನೆ ಸಂಜೆಯಿಂದ ವಾಂತಿ ಮಾಡಿಕೊಳ್ಳುತ್ತಿದ್ದಾಳೆ. ಈಗ ಒಳಗೆ ಡ್ರಿಪ್ ಹಾಕಿದ್ದಾರೆ. ಸುದ್ದಿ ಕೇಳಿ ಓಡಿಬಂದ ನನ್ನನ್ನೇ ಅವಳ ತಾಯಿ ಸಮಾಧಾನ ಮಾಡುತ್ತಿದ್ದಾರೆ. ನಿಮ್ದು ಬರೀ ಬೇರು, ಸಿಪ್ಪೆ ಅಲ್ವಾ ಅಮ್ಮಾ, ಅದ್ರಿಂದ ಏನಾಗುತ್ತೆ, ಹೊರಗೇನೋ ತಿಂದಿರ್ಬೇಕು ಅನ್ನುತ್ತಾರೆ.

ನಿನ್ನೆ ನಿನ್ನ ಶಾಲೆಯಲ್ಲಿ ಬಟ್ಟೆಗೆ ಬೇರು-ಸಿಪ್ಪೆಯ ಬಣ್ಣ ಹಾಕುವ ಪಾಠ ಚೆನ್ನಾಗಿಯೇ ಶುರುವಾಗಿತ್ತು. ನೇಕಾರರ ಸಂಘದವರು ಬಿಳಿ ಬಟ್ಟೆ ತಂದುಕೊಟ್ಟರು, ನಾಲ್ಕಾರು ತಾಯಂದಿರು ಬಂದು ಒಲೆ ಹಚ್ಚಿದರು. ದಾಳಿಂಬೆ ಸಿಪ್ಪೆ ಕುದಿದ ಮೇಲೆ ನಾನು ಹಳೇ ಚಾಳಿಯಂತೆ ಒಂದು ಚಮಚ ಆರಿಸಿ ನಾಲಿಗೆಗೆ ಹಚ್ಚಿ ನೋಡಿದೆ. ಒಗರು ಎಷ್ಟಿದೆ ಎಂದು ತಿಳಿಯದೆ ನಾನು ಬಟ್ಟೆ ಇಳಿಸಿದವಳೇ ಅಲ್ಲ. ಮಕ್ಕಳಿಗೂ ಒಂದೊಂದು ಹನಿ ಕೊಟ್ಟೆ. ಮುಖ ಕಿವುಚಿಕೊಂಡು ಕುಣಿದರು. ಬಾಯಿಗೆ ಇಡಲಾಗದ್ದನ್ನು ನಾನು ಬಟ್ಟೆಗೂ ಹಾಕುವುದಿಲ್ಲ ಎಂದು ಜಂಬ ಕೊಚ್ಚಿಕೊಂಡೆ.

ಆಮೇಲೆ ಕೆಂಪಿನ ಪಾತ್ರೆ. ಮಂಜಿಷ್ಠದ ಬೇರು ಹಳೆಯದೋ, ನೀರು ಸರಿಯಿರಲಿಲ್ಲವೋ, ಬಣ್ಣ ಇಟ್ಟಿಗೆ ಪುಡಿಯ ಹಾಗೆ ಮಂಕಾಗಿ ನಿಂತಿತು. ಪ್ರಶ್ನೆಪುಟ್ಟಿ ಬಗ್ಗಿ ನೋಡಿ, ಅಜ್ಜಿ, ಇದು ಕೆಂಪಾ ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಅತ್ತೆಯ ಕೈಗೆ ಬಾರದ ಬಣ್ಣವಿಲ್ಲ ಎಂದು ಮುಖ್ಯೋಪಾಧ್ಯಾಯಿನಿಯ ಮುಂದೆ ಹೇಳಿ ನೀನು ಈ ಪಾಠಕ್ಕೆ ಒಪ್ಪಿಗೆ ತಂದಿದ್ದೆ. ಹನ್ನೆರಡು ವರ್ಷದಲ್ಲಿ ನೀನು ನನ್ನನ್ನು ಹೊಗಳಿದ್ದು ಅದೊಂದೇ ಸಲ ಕಣೇ. ಅದನ್ನು ಕಳೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ, ಕೈಚೀಲದಿಂದ ಪ್ಯಾಕೆಟ್ ಬಣ್ಣ ತೆಗೆದು ಎರಡು ಚಮಚ ಸುರಿದೆ. ಅದು ನಿಮ್ಮ ಚೀಲದಲ್ಲಿ ಯಾಕಿತ್ತು ಎಂದು ನೀನು ಕೇಳುತ್ತೀಯ. ಏಳೆಂಟು ವರ್ಷದಿಂದ ನನ್ನ ಕೆಂಪೆಲ್ಲ ಅದರದ್ದೇ. ನಿನ್ನ ಗಂಡನಿಗೂ ಗೊತ್ತಿಲ್ಲ.

ಮಕ್ಕಳು ಬಂದು ಚಪ್ಪಾಳೆ ತಟ್ಟಿದರು, ನಾನು ಹಿಗ್ಗಿಹೋದೆ. ಅಷ್ಟರಲ್ಲಿ ಆ ಮಗು ಚಮಚ ಅದ್ದಿ, ಊದಿ, ಥೇಟ್ ನಾನು ಮಾಡಿದ ಹಾಗೆಯೇ ಬಾಯಿಗಿಟ್ಟಳು. ಒಗರೇ ಇಲ್ಲವಲ್ಲ ಎಂದು ಇನ್ನೊಂದು ಚಮಚ ನೋಡಿದಳು. ಬೇಡ ಎಂದು ನಾನು ಕೂಗಬೇಕಿತ್ತು. ಕೂಗಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ನಗುನಗುತ್ತಾ ಪಾತ್ರೆಗೆ ಮುಚ್ಚಳ ಹಾಕಿದೆ, ಅಷ್ಟೇ.

ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನೋ ಎಚ್ಚರಿಕೆ ಇದೆ. ಇಷ್ಟು ವರ್ಷದಲ್ಲಿ ಇವತ್ತೇ ಮೊದಲು ಓದಿದ್ದು. ಅದನ್ನು ಮತ್ತೆ ಚೀಲದೊಳಗೆ ತುರುಕಿದ್ದೇನೆ. ಮಗುವಿನ ಹೊಟ್ಟೆಗೆ ಏನು ಹೋಗಿದೆ ಎಂದು ಡಾಕ್ಟರಮ್ಮ ಎರಡು ಸಲ ಬಂದು ಕೇಳಿದರು. ಎರಡು ಸಲವೂ ಬೇರು ಎಂದೆ. ಆ ತಾಯಿ ನನ್ನ ಎಡಗೈ ಹಿಡಿದುಕೊಂಡೇ ಕೂತಿದ್ದಾರೆ.

ನನಗೆ ತುಂಬಾ ಭಯವಾಗುತ್ತಿದೆ. ಮಗುವಿಗೆ ಏನಾಗುತ್ತದೋ ಎಂಬ ಭಯಕ್ಕಿಂತ ನಾಳೆ ನಿನ್ನ ಮುಖ ಹೇಗೆ ನೋಡಲಿ ಎಂಬ ಭಯ ಒಮ್ಮೊಮ್ಮೆ ಮುಂದೆ ಬಂದು ನಿಲ್ಲುತ್ತದೆ. ನಾನು ಎಂಥವಳು ಎಂದು ನನಗೇ ಅಸಹ್ಯವಾಗುತ್ತದೆ. ಬೇಗ ಬಾ.

ಇಂತಿ, ನಿನ್ನನ್ನು ನಂಬಿಸಿದ
ಅತ್ತೆ

ತಾ.ಕ.: ಕಾಗದ ಮಡಿಸುತ್ತಿರುವಾಗ ಡಾಕ್ಟರಮ್ಮ ಮೂರನೇ ಸಲ ಬಂದರು. ಪ್ಯಾಕೆಟ್ಟನ್ನೂ ಈ ಕಾಗದವನ್ನೂ ಅವರ ಕೈಗಿಟ್ಟುಬಿಟ್ಟೆ. ಅರ್ಧ ಓದುವಷ್ಟರಲ್ಲೇ ಕಾಗದವನ್ನು ಬೆಂಚಿನ ಮೇಲೆ ಬಿಟ್ಟು, ಪ್ಯಾಕೆಟ್ ಹಿಡಿದು ಒಳಗೆ ಓಡಿದರು. ಉಳಿದದ್ದನ್ನು ಆ ತಾಯಿ ಓದಿದರು, ಕೊನೆಯ ಸಾಲಿನವರೆಗೂ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ತೊಡೆಯ ಮೇಲಿಟ್ಟು, ಎದ್ದು ಹೋಗಿ ಎದುರಿನ ಬೆಂಚಿನಲ್ಲಿ ಕೂತಿದ್ದಾರೆ. ಒಳಗಿನಿಂದ ಇನ್ನೂ ಯಾರೂ ಬಂದಿಲ್ಲ.