ದಳವಾಯಿಯ ಕವಚಕ್ಕೆ ಬಿಟ್ಟ ಸೀಳು

ಪಾಂಡವಪುರ
ಬುಧವಾರ, 12-2-1997

ಮೂತಿ ಊದಿಸಿಕೊಂಡು ಕೂತಿರುವ ಶಬ್ರೀನ್‌ಗೆ,

ಪ್ರಮೀಳಾ ಮಾಡುವ ಸಲಾಮು ಒಂದು, ನಮಸ್ಕಾರ ಒಂದು. ಯಾವುದು ಬೇಕೋ ಅದನ್ನು ಇಟ್ಟುಕೋ, ಕಾಗದವನ್ನು ಮಾತ್ರ ಒಲೆಗೆ ಹಾಕಬೇಡ. ಮದುವೆಯಾದ ಮೇಲೆ ಮೊದಲ ರಂಜಾನ್ ಅಂತ ನೀನು ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ ತವರಿಗೆ ಬಂದಿದ್ದೆಯಂತೆ. ಅಲ್ಲಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಗೆ ನಮ್ಮ ಮನೆ. ಬರಲಿಲ್ಲ. ನಾವಿಬ್ಬರೂ ಜೂನಿಯರ್ ಕಾಲೇಜಿನಲ್ಲಿ ಒಂದೇ ಬೆಂಚಿಗೆ ಬಿದ್ದ ಮೇಲೆ ನಿಮ್ಮ ಮನೆಯ ಸುರ್‌ಕುಂಬಾ ಪಾಯಸ ಇಲ್ಲದೆ ನಮ್ಮ ಮನೆಯಲ್ಲಿ ಹಬ್ಬ ಕಳೆದದ್ದು ಇದೇ ಮೊದಲು. ಅದರ ಬದಲು ನಿಮ್ಮ ಅಬ್ಬಾ ಬಂದು ಒಂದು ಬಟ್ಟೆಗಂಟು ಕೊಟ್ಟು, ನೀರು ಕೂಡ ಕುಡಿಯದೆ ಹೋದರು. ಬಿಚ್ಚಿದರೆ ನಿನ್ನ ಎರಡು ಇಕ್ಕಳ. ನಮ್ಮ ಅವ್ವ ಅದನ್ನು ನೋಡಿ, ಏನ್ ಮಗಾ ಇದು, ಅಬ್ಬಕ್ಕೆ ಯಾರಾದ್ರೂ ಕಬ್ಣ ಕಳಿಸ್ತಾರಾ, ಅಂದಳು. ಇಕ್ಕಳ ಸಾಣೆ ಹಿಡಿಸಬೇಕಿತ್ತಂತೆ ಅಂತ ಬುರುಡೆ ಬಿಟ್ಟೆ.

ಇಕ್ಕಳ ಕಳಿಸಿ ನೀನು ಏಕೆ ಕೆಲಸ ಬಿಟ್ಟೆ ಅಂತ ನನಗೆ ಗೊತ್ತು. ಆದರೆ ನಿನಗೆ ಸುದ್ದಿ ಬೇರೆಯವರ ಬಾಯಿಂದ ಉಪ್ಪುಖಾರ ಹಚ್ಚಿಕೊಂಡು ತಲುಪಿದೆ. ಒಂದು ಸಲ ನನ್ನ ಬಾಯಿಂದ ಕೇಳು. ಬೈಯುವುದಿದ್ದರೆ ಆಮೇಲೆ ಬೈಯುವೆಯಂತೆ.

ಈ ತಂತಿಬಳೆ ಹೆಣೆಯುವ ಕೆಲಸ ನಿನ್ನದು, ನಾನು ಅಂಟಿಕೊಂಡವಳು. ನಿಮ್ಮ ದಾದಿ, ಅಬ್ಬಾನ ತಾಯಿ, ಸಣ್ಣ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಹೆಣೆದ ಯಾವುದೋ ಕಾಲದ ತುಂಡಿನಲ್ಲಿ ಬಾಣಲೆ ಉಜ್ಜುತ್ತಿದ್ದರು. ಹಳೆ ಸಿಪಾಯಿಯೊಬ್ಬನ ಯುದ್ಧದ ಅಂಗಿಯದು ಅಂತ ಅವರ ನಂಬಿಕೆ. ನಾನು ಬಾಣಲೆ ನೋಡಿದೆ, ನೀನು ಒಂದೊಂದು ಬಳೆಗೂ ನಾಲ್ಕು ಬಳೆ ಸಿಕ್ಕಿಸಿರುವುದನ್ನು ನೋಡಿದೆ. ಮಾರನೆಯ ದಿನವೇ ನಿಮ್ಮ ಅಬ್ಬಾ ಮೊಟ್ಟೆಬುಟ್ಟಿ, ಇಲಿಬೋನು ಹೆಣೆದು ಉಳಿದ ಜಿ.ಐ. ತಂತಿಯನ್ನು ಸಲಾಕಿಗೆ ಸುತ್ತಿ, ಕತ್ತರಿಸಿ, ಅಂಗೈ ಅಗಲದ ಬಲೆ ಹೆಣೆದು ತಂದೆ. ಜಿ.ಐ. ತಂತಿ ಬೆರಳನ್ನೆಲ್ಲ ಕಪ್ಪು ಮಾಡಿತು. ಅಲ್ಯೂಮಿನಿಯಂ ಹಗುರ ಅಂತ ನಾನು ಹಟ ಹಿಡಿದೆ, ಎಳೆದರೆ ಬಳೆ ಬಾಯಿ ಬಿಟ್ಟುಕೊಂಡಿತು. ನಮ್ಮೂರಿನ ಮೋಟರು ರಿವೈಂಡಿಂಗ್ ಅಂಗಡಿಯ ತಾಮ್ರದಲ್ಲಿ ಸರ ಮಾಡಿ ಕೋಟೆ ನೋಡಲು ಬಂದ ಟೂರಿಸ್ಟು ಹೆಂಗಸಿಗೆ ಮಾರಿದೆವು, ಆಕೆ ಗುಂಬಜ್ ನೋಡಿ ವಾಪಸು ಬರುವಷ್ಟರಲ್ಲಿ ಬೆವರಿಗೆ ಕತ್ತು ಹಸಿರಾಗಿತ್ತು. ಹಿತ್ತಾಳೆ ಅಂಚಿಗೆ, ಸ್ಟೀಲು ಮೈಗೆ ಅಂತ ನೀನೇ ಕೊನೆಗೆ ಕಾನೂನು ಮಾಡಿದೆ. ನೀನು ಮುಚ್ಚಿದ ಬಳೆಯ ಕೂಡುಜಾಗ ಉಗುರಿಗೂ ಸಿಗುತ್ತಿರಲಿಲ್ಲ. ನಾನು ಮುಚ್ಚಿದ್ದು ಸೆರಗಿನ ನೂಲು ಹಿಡಿಯುತ್ತಿತ್ತು. ಆ ಹೊಟ್ಟೆಕಿಚ್ಚು ನನಗೆ ಮೊದಲಿನಿಂದಲೂ ಇತ್ತು, ಇವತ್ತು ಬರೆದುಕೊಡುತ್ತಿದ್ದೇನೆ.

ಕೆ.ಆರ್. ಪೇಟೆಯ ಮರಿಯಯ್ಯನವರು, ಊರೂರ ನಾಟಕಕ್ಕೆ ವೇಷ ಬಾಡಿಗೆ ಕೊಡುವವರು, ದಳವಾಯಿಯ ಪಾತ್ರಕ್ಕೆ ಒಂದು ನಿಜವಾದ ಕವಚ ಬೇಕು ಎಂದು ಬಂದಾಗ ನಾವು ಕುಣಿದಾಡಿದ್ದು ಜ್ಞಾಪಕ ಇದೆಯಾ? ಅಲ್ಲಿಯವರೆಗೆ ಅವರ ರಾಜರೆಲ್ಲ ಮಖಮಲ್ಲಿನ ಮೇಲೆ ಜರಿಬಿಲ್ಲೆ ಹೊಲಿದುಕೊಂಡೇ ಯುದ್ಧಕ್ಕೆ ಹೋಗುತ್ತಿದ್ದರು. ಅಳತೆಗೆ ಅಂತ ನಾಟಕ ಆಡುವ ಊರು ಸಿಂಧಘಟ್ಟಕ್ಕೆ ಹೋದೆವು. ದೇವಯ್ಯ ಮೇಷ್ಟ್ರು ತಾವೇ ಕಟ್ಟಿದ ನಾಟಕವನ್ನು ಹಾರ್ಮೋನಿಯಂ ಹಿಡಿದು ಅಭ್ಯಾಸ ಮಾಡಿಸುತ್ತಿದ್ದರು. ಡೈರಿ ಸೆಕ್ರೆಟರಿ ಶಿವಶಂಕರ್ ದಳವಾಯಿ. ಆಳು ಬಾಗಿಲಿನಷ್ಟಿದ್ದ. ಅಳತೆ ತೆಗೆದ ಮೇಲೆ ನೀನು ಚಾಪೆಯ ತುದಿಯಲ್ಲಿ ಕೂತು ಮೂರು ಅಂಕವನ್ನೂ ಕೇಳಿದೆ. ನಾನು ಹಿತ್ತಲಲ್ಲಿ ಮೇಷ್ಟ್ರ ಹೆಂಡತಿ ಅಣ್ಣಮ್ಮನವರ ಜೊತೆ ಕಡಲೆಕಾಯಿ ತಿನ್ನುತ್ತಾ ಅವರ ಸೊಸೆಯ ವಿಚಾರ ಕೇಳಿದೆ.

ನಿನ್ನ ಮದುವೆ ಹತ್ತಿರ ಬಂದಾಗ ಕವಚ ಮುಗಿಯುವುದರಲ್ಲಿತ್ತು. ಎಡಗಡೆ ಕಂಕುಳಿನಿಂದ ಸೊಂಟದವರೆಗೆ ಒಂದು ಸೀಳು ಹಾಗೇ ಇತ್ತು. ಮೆಹಂದಿಯ ದಿನ ನೀನು ಆ ಸೀಳಿನ ಬಗ್ಗೆ ಏನೋ ಹೇಳಿದೆ. ನಾನು ನಿನ್ನ ಅಂಗೈಯ ಚಿತ್ತಾರ ನೋಡುತ್ತಾ ಹ್ಞೂಂ ಅಂದೆ. ಏನು ಹೇಳಿದೆ ಅಂತ ನನ್ನಾಣೆಗೂ ಕಿವಿಗೆ ಬೀಳಲಿಲ್ಲ.

ನೀನು ಹೋದ ಮೇಲೆ ಆ ಸೀಳನ್ನು ನೋಡಿ, ಪಾಪ, ಅರ್ಧಕ್ಕೆ ಬಿಟ್ಟಿದ್ದಾಳೆ ಅಂದುಕೊಂಡೆ. ಒಂಬತ್ತು ದಿನ ಕೂತು ಬಳೆಗೆ ಬಳೆ ಸೇರಿಸಿ ಮುಚ್ಚಿದೆ. ಶಬ್ರೀನ್, ಆ ಒಂಬತ್ತು ದಿನದಲ್ಲಿ ಮೊದಲ ಸಲ ನನ್ನ ಕೆಲಸ ನಿನ್ನದರ ಪಕ್ಕ ಇಟ್ಟರೆ ಬೇರೆ ಅನ್ನಿಸಲಿಲ್ಲ. ನಮ್ಮ ಬೀದಿಯವರನ್ನೆಲ್ಲ ಕರೆದು, ಶಬ್ರೀನ್ ಬಿಟ್ಟುಹೋಗಿದ್ದನ್ನು ನಾನು ಪೂರೈಸಿದೆ, ಎಲ್ಲಿ ಸೇರಿಸಿದ್ದೀನಿ ಹುಡುಕಿ ನೋಡೋಣ ಅಂತ ಜಂಬ ಕೊಚ್ಚಿದೆ. ಯಾರಿಗೂ ಸಿಗಲಿಲ್ಲ. ಆವತ್ತು ಎರಡು ಮುದ್ದೆ ಹಿಟ್ಟು ಜಾಸ್ತಿ ಉಂಡೆ.

ಸಂಕ್ರಾಂತಿ ಕಳೆದ ಭಾನುವಾರ ಸಿಂಧಘಟ್ಟದ ಸ್ಕೂಲು ಬಯಲಲ್ಲಿ ಹಗಲು ನಾಟಕ. ಕವಚ ಹಾಕಿಸುವಾಗಲೇ ನನಗೆ ಅನುಮಾನ ಬರಬೇಕಿತ್ತು. ಶಿವಶಂಕರನನ್ನು ಇಬ್ಬರು ಹಿಡಿದು, ಕೈ ಮೇಲೆತ್ತಿಸಿ, ಗೋಣಿಚೀಲಕ್ಕೆ ತುಂಬಿದ ಹಾಗೆ ತುಂಬಿದರು. ಆದರೆ ರಂಗದ ಮೇಲೆ ಬಿಸಿಲು ಬಿದ್ದು ಮೈಯೆಲ್ಲ ಮಿಂಚಿದಾಗ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೂರನೆಯ ಅಂಕ ಬಂತು. ನಿನಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ದಳವಾಯಿ ಹಾಡುತ್ತಾ ಕವಚ ಕಳಚಿ ತಮ್ಮನಿಗೆ ತೊಡಿಸಿ ಯುದ್ಧಕ್ಕೆ ಕಳಿಸಬೇಕು. ಶಿವಶಂಕರ್ ಹಾಡು ಶುರು ಮಾಡಿ ಎಡಗಡೆ ತಡಕಿದ. ಬಲಗಡೆ ತಡಕಿದ. ಕೊನೆಗೆ ತಲೆಯ ಮೇಲಿಂದ ಎಳೆದ. ಕವಚ ಅರ್ಧ ಮೇಲೆ ಹೋಗಿ ನಿಂತಿತು. ಎರಡು ಕೈ ಆಕಾಶಕ್ಕೆ, ಮುಖ ಒಳಗೆ, ಬನಿಯನ್ನು ಹೊರಗೆ. ದೇವಯ್ಯ ಮೇಷ್ಟ್ರು ಬಿಡಲಿಲ್ಲ, ಅದೇ ಸಾಲನ್ನು ಮತ್ತೆ ಮತ್ತೆ ಬಾರಿಸಿದರು. ತಮ್ಮನ ಪಾತ್ರದ ತಮ್ಮಯ್ಯ ಮುಂದಿನಿಂದ ಜಗ್ಗಿದ. ಇಬ್ಬರೂ ರಂಗದ ಸುತ್ತ ಗಾಣದೆತ್ತಿನ ಹಾಗೆ ತಿರುಗಿದರು. ಒಳಗಿಂದ ದಳವಾಯಿಯ ದನಿ ಮೈಕಿಗೆ ಚೆನ್ನಾಗಿ ಕೇಳಿಸಿತು: ಉಸ್ರು ಕಟ್ತದೆ ಕಣ್ಲಾ, ಬುಡ್ಲಾ, ಕತ್ತು ಕಿತ್ತೋಯ್ತದೆ. ಜನ ಶಿಳ್ಳೆ ಹೊಡೆದು ಒನ್ಸ್ ಮೋರ್ ಅಂದರು. ತಮ್ಮ ಬರಿ ಮೈಯಲ್ಲಿ ಯುದ್ಧಕ್ಕೆ ಹೋಗಿ ಗೆದ್ದು ಬಂದ, ಕವಚದ ಅಣ್ಣನನ್ನು ನಾಲ್ಕು ಜನ ಪರದೆಯ ಹಿಂದಕ್ಕೆ ಎತ್ತಿಕೊಂಡು ಹೋದರು. ಬರೆಯುವಾಗ ನಗು ಬರುತ್ತಿದೆ, ಏನು ಮಾಡಲಿ.

ಆವತ್ತು ನಗು ಬರಲಿಲ್ಲ. ಪರದೆಯ ಹಿಂದೆ ಮರಿಯಯ್ಯನವರು ಕೆಂಡವಾಗಿದ್ದರು. ಯಾರವ್ವಾ ಇದ್ನ ಇಂಗೆ ಒಲ್ದೋರು, ಬುದ್ಧಿ ಬ್ಯಾಡ್ವಾ, ಅಂತ ಎಲ್ಲರೆದುರು ಕೇಳಿದರು. ಸೀಳು ಏಕಿತ್ತು ಅಂತ ನನಗೆ ಆ ಕ್ಷಣಕ್ಕೆ ಹೊಳೆದಿತ್ತು. ಹೊಳೆದೂ ನಾನು ಹೇಳಿದ್ದು ಇಷ್ಟು: ಅದು ಶಬ್ರೀನ್ ಮಾಡಿದ್ದು, ನನಗೇನೂ ಗೊತ್ತಿಲ್ಲ.

ಮರಿಯಯ್ಯನವರ ವೇಷದ ವ್ಯಾನು ಊರೂರು ಸುತ್ತುತ್ತದೆ, ಮಾತೂ ಜೊತೆಗೆ ಸುತ್ತಿತು. ನಾಗಮಂಗಲದಲ್ಲಿ ನಿನ್ನ ಗಂಡ ಯಾಸಿನ್‌ರ ಪಂಚರ್ ಅಂಗಡಿಯ ಮುಂದೆಯೇ ಆ ವ್ಯಾನಿನ ಡ್ರೈವರು, ಆ ಸಾಬರ ಹುಡ್ಗಿಗೆ ಕೆಲ್ಸ ಬರಾಕಿಲ್ಲ ಅಂದನಂತೆ. ಹೊಸ ಮನೆಯಲ್ಲಿ, ಅತ್ತೆಯ ಮುಂದೆ, ನಿನ್ನ ಒಂದೇ ಒಂದು ಹೆಮ್ಮೆಯನ್ನು ನಾನು ಹಾಳು ಮಾಡಿದೆ. ಮದುವೆಯಾದ ಮೇಲೂ ಕವಚ ಹೆಣೆಯುತ್ತೇನೆ ಅಂತ ನೀನು ಅವರನ್ನು ಒಪ್ಪಿಸಲು ಎಷ್ಟು ಕಷ್ಟಪಟ್ಟಿದ್ದೆ ಅಂತ ಗೊತ್ತಿದ್ದವಳು ನಾನೊಬ್ಬಳೇ. ನನಗೆ ನಾಚಿಕೆಯಾಗುತ್ತಿದೆ.

ಈ ಸೋಮವಾರ ಕೆ.ಆರ್. ಪೇಟೆಗೆ ಹೋಗಿ ಮರಿಯಯ್ಯನವರಿಗೆ ಎಲ್ಲಾ ನಿಜ ಹೇಳಿ ಬಂದೆ. ಆಯ್ತು ಬುಡವ್ವಾ ಅಂದರು. ಆದ್ದರಿಂದ ಅದು ಮುಗಿದ ಹಾಗೆ. ನೀನು ಇನ್ನು ಕೋಪ ಬಿಟ್ಟು ಕೆಲಸಕ್ಕೆ ಕೈ ಹಾಕು. ನೀನಿಲ್ಲದೆ ನನಗೆ ತಂತಿ ಸುತ್ತಲೂ ಮನಸ್ಸಿಲ್ಲ. ಮಾತಾಡಲು ಜನ ಬೇಕಾದಷ್ಟಿದ್ದಾರೆ, ಸುಮ್ಮನೆ ಪಕ್ಕದಲ್ಲಿ ಕೂರಲು ನೀನೊಬ್ಬಳೇ ಇದ್ದದ್ದು. ಅತ್ತೆಯವರಿಗೆ, ಯಾಸಿನ್‌ರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಬಾಯಿಬಡುಕಿ ಗೆಳತಿ,
ಪ್ರಮೀಳಾ

ಮರೆತದ್ದು: ಶುಕ್ರವಾರ, ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡು.

ಮರೆತದ್ದಲ್ಲ, ಮುಚ್ಚಿಟ್ಟದ್ದು. ಸೋಮವಾರ ನಾನು ಎಲ್ಲಿಗೂ ಹೋಗಿರಲಿಲ್ಲ. ಬರೆದುಬಿಟ್ಟರೆ ಸಾಕು ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಪೋಸ್ಟ್ ಡಬ್ಬಿಯ ಮುಂದೆ ನಿಂತರೆ ಕಾಗದ ಕೈಬಿಡಲಿಲ್ಲ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನಿಂದ ಕ್ಷಮೆ ಕೇಳುವುದು ನನ್ನಂಥವಳಿಗೂ ಅತಿ ಅನ್ನಿಸಿತು. ಕೆ.ಆರ್. ಪೇಟೆಯ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಮರಿಯಯ್ಯನವರಿದ್ದರು, ದೇವಯ್ಯ ಮೇಷ್ಟ್ರಿದ್ದರು, ಆ ಡ್ರೈವರಿದ್ದ, ತಮ್ಮೂರ ನಾಟಕಕ್ಕೆ ಕಿರೀಟ ನೋಡಲು ಬಂದ ಮಾಕವಳ್ಳಿಯವರು ಐದಾರು ಜನ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಸೀಳು ಮುಚ್ಚಿದವಳು ನಾನು, ಸುಳ್ಳು ಹೇಳಿದವಳೂ ನಾನು ಅಂತ. ಮರಿಯಯ್ಯನವರು, ಅಂಗಾದ್ರೆ ಕಳಚಾಕೆ ಅಂತ ಜಾಗ ಬುಟ್ಟಿದ್ದು ಆ ಮಗುನಾ, ಅಂದರು. ಹೌದು, ನಾಟಕ ಒಂದೇ ಸಲ ಕೇಳಿ ಅವಳೇ ಬಿಟ್ಟಿದ್ದು, ಅಂದೆ. ದೇವಯ್ಯ ಮೇಷ್ಟ್ರು ಕನ್ನಡಕ ತೆಗೆದು, ನನ್ ನಾಟ್ಕಾನ ಪೂರ್ತಿ ಕೇಳಿರೋಳು ಅವಳೊಬ್ಳೇ ಕಣಯ್ಯಾ, ನಮ್ ಶಿವಶಂಕರನೇ ಇನ್ನೂ ಪೂರ್ತಿ ಕೇಳಿಲ್ಲ, ಅಂದರು. ಮಾಕವಳ್ಳಿಯವರು ತಮಗೂ ಒಂದು ಕವಚ ಬೇಕು ಅಂತ ಅಲ್ಲೇ ಹೇಳಿದರು. ಆ ಹುಡುಗಿ ಕೈಲೇ ಆಗಬೇಕಂತೆ, ನನ್ನ ಕೈಲಿ ಬೇಡವಂತೆ. ನನಗೆ ಅದರಷ್ಟು ಸಂತೋಷದ ಅವಮಾನ ಇನ್ನೊಂದಾಗಿಲ್ಲ.

ಈಗ ನಾಗಮಂಗಲದ ಬಸ್ಸು ಬಂದು ನಿಂತಿದೆ. ಕಾಗದ ಡಬ್ಬಿಗೆ ಹಾಕುವುದಿಲ್ಲ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಕೊಟ್ಟು ಏನೂ ಮಾತಾಡದೆ, ನೀನು ಓದಿ ಮುಗಿಸುವವರೆಗೂ ನಿಮ್ಮ ಜಗಲಿಯ ಮೇಲೆ ಕೂತಿರುತ್ತೇನೆ. ಈ ಸಾಲಿಗೆ ಬಂದಿದ್ದರೆ ತಲೆ ಎತ್ತಿ ನನ್ನನ್ನು ನೋಡು.