ನಿನ್ನ ಕುರ್ಚಿ ಗಲ್ಲಾದ ಹಿಂದೆಯೇ ಇದೆ

ಲಾಂಡ್ರಿಯ ಹಿಂದಿನ ಕೋಣೆ
ಬುಧವಾರ, ಹನ್ನೊಂದನೇ ತಾರೀಖು

ಪ್ರೀತಿಯ ಮೊಂಡೀ,

ಗಂಟಲು ಈಗ ಹೇಗಿದೆ? ನೀರು ನುಂಗುವಾಗ ಇನ್ನೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತೀಯಾ? ನಿಮ್ಮ ವಾರ್ಡಿನ ಹೊದಿಕೆಗಳನ್ನು ಯಾರು ಮಡಿಸುತ್ತಾರೋ, ಒಂದರ ಅಂಚೂ ನೆಟ್ಟಗಿಲ್ಲ. ನೀನು ಬೇಸರ ಅಂತ ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಸಲು ಕೂರಬೇಡ, ಮಲಗು. ನಿನ್ನೆ ನಿನ್ನ ಎದುರು ಕೂತಾಗ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

‘ಶನಿವಾರ ಮನೆಗೆ ಮಾತ್ರ ಕಳಿಸಬೇಡಿ, ಯಾರ ಮುಖ ನೋಡಲಿ’ ಅಂತ ನರ್ಸಮ್ಮನ ಹತ್ತಿರ ಅಂದೆಯಂತೆ. ಅಪ್ಪನೂ ಅದೇ ರಾಗ, ನಿನ್ನನ್ನು ಸ್ವಲ್ಪ ದಿನ ಚಿಕ್ಕಮ್ಮನ ಊರಿಗೆ ದಾಟಿಸಿಬಿಡೋಣ ಅಂತ. ಗಿರಾಕಿಗಳಿಗೆ ಹೇಳಲು ಒಂದು ಕಥೆಯನ್ನೂ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದರು: ‘ಪಾಪ, ಬಾಟಲಿ ಅದಲುಬದಲಾಯಿತು, ಅವಳಮ್ಮನಿಗೆ ಆದ ಹಾಗೇ.’

ನನಗೆ ಮೈಯೆಲ್ಲ ಉರಿಯಿತು. ಅಮ್ಮನದು ನಿಜಕ್ಕೂ ಬಾಟಲಿ ತಪ್ಪಿದ್ದು. ಕಲೆ ತೆಗೆಯುವ ನೀರನ್ನು ಶರಬತ್ತಿನ ಖಾಲಿ ಬಾಟಲಿಗೆ ಸುರಿದು ಇಸ್ತ್ರಿ ಮೇಜಿನ ಕೆಳಗೆ ಇಡುವುದು ನಮ್ಮ ಅಂಗಡಿಯ ರೂಢಿ, ಕೈಗೆ ಹಗುರ ಅಂತ. ಅಮ್ಮ ಬಾಯಾರಿ ಎತ್ತಿದಳು. ನಮ್ಮವರೇ ಸೇರಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಇಳಿಯುವಾಗ ಸುಟ್ಟದ್ದು ಹೊರಬರುವಾಗ ಮತ್ತೆ ಸುಟ್ಟಿತು ಅಂತ ಡಾಕ್ಟರು ಆಮೇಲೆ ಹೇಳಿದರು. ಅಮ್ಮ ಹೋದಳು, ಬಾಟಲಿಗಳು ಕೆಲವು ದಿನ ಮಾಯವಾಗಿ ಮತ್ತೆ ಮೇಜಿನ ಕೆಳಗೇ ಬಂದವು. ನಾನು ಇಂದಿಗೂ ಬೆಳಿಗ್ಗೆ ಟೀಗೆ ಒಂದು ಲೋಟ ನೀರು ಜಾಸ್ತಿ ಇಟ್ಟುಬಿಡುತ್ತೇನೆ.

ಅದಕ್ಕೇ ನಿನಗೆ ಹಾಗಾದಾಗ, ಪಕ್ಕದಂಗಡಿಯ ದರ್ಜಿ ಮಾಮ ಉಪ್ಪುನೀರಿನ ಚೊಂಬು ಹಿಡಿದು ಓಡಿಬಂದರೆ ಬಾಗಿಲಿಗೆ ಅಡ್ಡ ನಿಂತೆ. ‘ಏನೂ ಕುಡಿಸಬೇಡಿ, ಗಾಡಿ ತನ್ನಿ!’ ಅಂತ ಕಿರುಚಿದ್ದು ನಾನೇ. ‘ಬಾಯೇ ಬಿಡದ ಈ ಮೂಗಿಗೆ ಇಷ್ಟು ದೊಡ್ಡ ಗಂಟಲಿತ್ತಾ!’ ಅಂತ ಮಾಮ ಇನ್ನೂ ಕಿವಿ ಉಜ್ಜಿಕೊಳ್ಳುತ್ತಾರೆ. ಕಲೆ ತೆಗೆಯುವ ನೀರಿನ ಮೂಲ ಡಬ್ಬಿಯನ್ನೂ ಜೊತೆಗೆ ಒಯ್ದದ್ದರಿಂದ ಡಾಕ್ಟರು ಏನು ಎತ್ತ ಅಂತ ತಡಕಾಡಬೇಕಾಗಲಿಲ್ಲ.

ಅಮ್ಮನ ಸಾವನ್ನು ತಂದು ನಿನ್ನ ಮೇಲೆ ಹೊದಿಸಲು ನಾನು ಬಿಡಲಿಲ್ಲ. ಗಿರಾಕಿಗಳ ಎದುರೇ ಅಂದೆ: ‘ತಪ್ಪಿ ಕುಡಿದದ್ದಲ್ಲ. ಬದುಕೇ ಬೇಡ ಅನ್ನಿಸುವಷ್ಟು ನೋವಾಗಿತ್ತು ಅವಳಿಗೆ. ಚಿಕಿತ್ಸೆ ನಡೀತಿದೆ. ಮೈ ಸರಿಹೋದ ಮೇಲೆ ನಿಮ್ಮ ಬಟ್ಟೆ ಅವಳೇ ಕೊಡ್ತಾಳೆ.’ ‘ಮಾನ ತೆಗೆದೆಯಲ್ಲೇ’ ಅಂದರು ಅಪ್ಪ. ‘ಮಗಳು ಉಳಿದಿದ್ದಾಳಪ್ಪಾ, ಮಾನ ಆಮೇಲೆ ನೋಡೋಣ’ ಅಂದೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೈಯಬೇಕಿದ್ದರೆ ಬಂದು ಬೈ, ನಿಂತು ಕೇಳಿಸಿಕೊಳ್ಳುತ್ತೇನೆ. ಆದರೆ ಹಿಂದಿನ ಬಾಗಿಲಿಂದ ಬರಬೇಡ.

ಅಪ್ಪ ಆಮೇಲೆ ನನ್ನ ಜೊತೆ ಮಾತೇ ಬಿಟ್ಟರು. ಇವತ್ತು ಬೆಳಿಗ್ಗೆ ಮೇಜಿನ ಕೆಳಗಿನ ಬಾಟಲಿಗಳನ್ನೆಲ್ಲ ತಾವೇ ಎಳೆದು ಹಾಕಿದರು. ಹೊಸ ಸರಕನ್ನು ಅದರದರ ಡಬ್ಬಿಯಲ್ಲೇ ಕಬ್ಬಿಣದ ಬೀರುವಿಗೆ ಸೇರಿಸಿ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮತ್ತೆ ನನ್ನ ಮುಖ ನೋಡದೆ ಕೇಳಿದರು: ‘ಗಲ್ಲಾದ ಹಿಂದೆ ಅವಳ ಕುರ್ಚಿ ಅಲ್ಲಾಡ್ತಿತ್ತಲ್ಲ, ಸರಿ ಮಾಡಿಸಿದೆಯಾ?’ ಚಿಕ್ಕಮ್ಮನ ಊರಿನ ಸುದ್ದಿ ಎತ್ತಲಿಲ್ಲ.

ಯಾಕೆ ಹೀಗೆ ಮಾಡಿಕೊಂಡೆ ಅಂತ ನಾನು ಕೆದಕುವುದಿಲ್ಲ. ನೀನೇ ಹೇಳುವ ದಿನ ಕೂತು ಕೇಳುತ್ತೇನೆ. ಮನಸ್ಸಿನ ಡಾಕ್ಟರನ್ನು ವಾರವಾರ ಕಾಣಬೇಕಂತೆ. ಹೊರಗಿನ ಬೆಂಚಿನಲ್ಲಿ ನಾನಿರುತ್ತೇನೆ, ಕಿತ್ತುಹೋದ ಗುಂಡಿಗಳನ್ನು ಹೊಲಿಯುತ್ತಾ. ಈಗ ನಿನ್ನ ತಲೆ ನೇವರಿಸಿದೆ ಅಂದುಕೋ. ನರ್ಸಮ್ಮನಿಗೆ ನಮಸ್ಕಾರ ಹೇಳು.

ನಿನ್ನ
ಅಕ್ಕ

ಮರೆತಿದ್ದೆ, ಇದೇ ಮುಖ್ಯ: ಕಾದ ಇಸ್ತ್ರಿಪೆಟ್ಟಿಗೆ ಹಿಡಿದವರು ‘ಬಿಸಿ, ಬಿಸಿ!’ ಅಂತ ಕೂಗಿದರೆ, ಯಾಕೆ ಏನು ಅಂತ ಕೇಳದೆ ನಾವೆಲ್ಲ ಕೈಯಲ್ಲಿದ್ದದ್ದು ಬಿಡುತ್ತೇವಲ್ಲ. ಆ ಯೋಚನೆ ಮತ್ತೆ ಬಂದರೆ, ಅಂಗಡಿ ತುಂಬ ಜನವಿದ್ದರೂ ಸರಿ, ಹಾಗೇ ಕೂಗಿಬಿಡು. ಯಾರ ರೇಷ್ಮೆ ಸುಟ್ಟರೂ ಸುಡಲಿ. ನಾನು ಬರುತ್ತೇನೆ.